ರಕ್ತದಲ್ಲಿ ನಂಜು ಯಾರದ್ದು? ಕಲ್ಚರ್ ಬಾಟಲಿಯಿಂದ ಡಿಎನ್ಎ ಪರೀಕ್ಷೆವರೆಗೆ

ನಾಟಿ ಮುಗಿದ ವಾರ ಚಿಕ್ಕಪ್ಪನಿಗೆ ಜ್ವರ ಬಂತು. ಸಕಲೇಶಪುರದಿಂದ ಒಳಗೆ, ದಿನಕ್ಕೆ ಎರಡೇ ಸಲ ಬಸ್ಸು ಬರುವ ಊರು. ಮಳೆಗಾಲದಲ್ಲಿ ಜ್ವರ ಅಂದರೆ ಅಲ್ಲಿ ಯಾರೂ ಗಾಬರಿ ಬೀಳುವುದಿಲ್ಲ. ಮೆಣಸಿನ ಕಷಾಯ, ಒಂದು ಪ್ಯಾರಾಸಿಟಮಾಲ್, ಮೇಲೆ ಕಂಬಳಿ. ಐದನೇ ದಿನ ಮಾತು ತೊದಲತೊಡಗಿತು. ಆವತ್ತೇ ಹಾಸನಕ್ಕೆ ಕರೆತಂದು ಅಡ್ಮಿಟ್ ಮಾಡಿದೆವು.

ನರ್ಸ್ ಬಂದು ಎರಡೂ ತೋಳಿನಿಂದ ರಕ್ತ ತೆಗೆದು ನಾಲ್ಕು ಗಿಡ್ಡ ಬಾಟಲಿಗಳಿಗೆ ತುಂಬಿಸಿದರು. 'ಇಷ್ಟೊಂದು ರಕ್ತ ಯಾಕೆ ತೆಗೀತಾರೆ?' ಎಂದು ಚಿಕ್ಕಮ್ಮ ಗೊಣಗಿದರು. ಸಂಜೆ ಡಾಕ್ಟರ್ ಬಂದು, 'ಬ್ಲಡ್ ಕಲ್ಚರ್‌ಗೆ ಕಳಿಸಿದ್ದೀವಮ್ಮ. ಪೂರ್ತಿ ರಿಪೋರ್ಟ್ ಬರೋಕೆ ಮೂರರಿಂದ ಐದು ದಿನ ಆಗುತ್ತೆ' ಎಂದರು. ಚಿಕ್ಕಮ್ಮ ಬಿಡಲಿಲ್ಲ. 'ಐದು ದಿನಾನಾ? ಕೊರೋನಾ ಟೈಮಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾರನೇ ದಿನ ಹೇಳ್ತಿದ್ರಲ್ಲ ಡಾಕ್ಟ್ರೇ, ಅದೇ ಟೆಸ್ಟು ರಕ್ತಕ್ಕೂ ಮಾಡ್ಬಾರ್ದಾ?'

ಡಾಕ್ಟರ್ ನಕ್ಕು, 'ಒಳ್ಳೆ ಪ್ರಶ್ನೆ' ಎಂದು ಮುಂದಿನ ಬೆಡ್‌ಗೆ ಹೋದರು. ನಿಜಕ್ಕೂ ಒಳ್ಳೆ ಪ್ರಶ್ನೆ ಅದು. ನನ್ನ ಜೊತೆ ಓದಿದ ಗೆಳತಿಯೊಬ್ಬಳು ಇನ್ನೊಂದು ಕಡೆ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಅವಳ ತಲೆ ತಿಂದು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಂಜು ಏರುವುದು ಅಂದರೆ ಏನು

ನಮ್ಮ ಚರ್ಮದ ಮೇಲೆ, ಬಾಯಲ್ಲಿ, ಕರುಳಲ್ಲಿ ಬ್ಯಾಕ್ಟೀರಿಯಾ ಲೆಕ್ಕವಿಲ್ಲದಷ್ಟಿವೆ. ಅದು ಕಾಯಿಲೆಯಲ್ಲ. ಆದರೆ ರಕ್ತ ಅವುಗಳ ಜಾಗವಲ್ಲ. ಹಲ್ಲುಜ್ಜುವಾಗ ಒಸಡು ಗೀಚಿ ಒಂದಷ್ಟು ಒಳಗೆ ನುಗ್ಗಿದರೂ ದೇಹದ ಕಾವಲು ಅವನ್ನು ಬೇಗ ಹಿಡಿದು ಮುಗಿಸುತ್ತದೆ. ಮೂತ್ರದ ಸೋಂಕು, ನ್ಯುಮೋನಿಯಾ, ಕಾಲಿನ ಹುಣ್ಣು, ಹೀಗೆ ಎಲ್ಲಿಂದಲೋ ಹೊರಟವು ಕಾವಲು ದಾಟಿ ರಕ್ತದಲ್ಲಿ ಉಳಿದುಕೊಂಡರೆ ತೊಂದರೆ ಶುರು. ಅದನ್ನೇ ಹಳ್ಳಿಯಲ್ಲಿ 'ರಕ್ತಕ್ಕೆ ನಂಜು ಏರಿದೆ' ಎನ್ನುತ್ತಾರೆ.

ಸೆಪ್ಸಿಸ್ ಎನ್ನುವುದು ಇದರ ಮುಂದಿನ ಹಂತ. ಸೋಂಕಿನ ವಿರುದ್ಧ ದೇಹ ನಡೆಸುವ ಹೋರಾಟ ಹದ ತಪ್ಪಿ, ಬಿಪಿ ಕುಸಿದು, ಕಿಡ್ನಿ, ಶ್ವಾಸಕೋಶ, ಮಿದುಳಿಗೇ ಪೆಟ್ಟು ಬೀಳುವ ಸ್ಥಿತಿ. 2017ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 4.89 ಕೋಟಿ ಜನರಿಗೆ ಸೆಪ್ಸಿಸ್ ಆಗಿ, 1.1 ಕೋಟಿ ಜನ ಸತ್ತರು ಎಂಬ ಅಂದಾಜಿದೆ. ಆ ವರ್ಷದ ಪ್ರತಿ ಐದು ಸಾವಿನಲ್ಲಿ ಒಂದು!

ಹಾಗಾಗಿ ಡಾಕ್ಟರು ರಿಪೋರ್ಟ್‌ಗೆ ಕಾಯುತ್ತಾ ಕೂರುವುದಿಲ್ಲ. ಬಿಪಿ ಬಿದ್ದ ರೋಗಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಿ ಎನ್ನುತ್ತವೆ ಚಿಕಿತ್ಸೆಯ ನಿಯಮಗಳು. ಶತ್ರು ಯಾರೆಂದು ಗೊತ್ತಿಲ್ಲ, ಆದ್ದರಿಂದ ಹಲವು ಬಗೆಯ ಬ್ಯಾಕ್ಟೀರಿಯಾಗಳಿಗೆ ತಾಗುವ ಜೋರು ಔಷಧಿಯನ್ನೇ ಮೊದಲು ಹಾಕುತ್ತಾರೆ. ಕಾಡುಹಂದಿ ಬಂದಿದೆಯೋ, ಮುಳ್ಳುಹಂದಿಯೋ, ಕತ್ತಲಲ್ಲಿ ಕಾಣದು. ಮೊದಲು ಪಟಾಕಿ ಹೊಡೆದುಬಿಡುತ್ತೇವಲ್ಲ, ಹಾಗೆ. ಹೆಜ್ಜೆ ಗುರುತು ನೋಡಿ ಯಾವ ಪ್ರಾಣಿ ಎಂದು ಹೇಳುವ ಕೆಲಸ ಲ್ಯಾಬ್‌ನದು.

ಕಲ್ಚರ್ ಎಂಬ ಹೆಪ್ಪು

ಕಲ್ಚರ್ ಅರ್ಥವಾಗಬೇಕಾದರೆ ಹಾಲಿಗೆ ಹೆಪ್ಪು ಹಾಕುವುದನ್ನು ನೆನೆಸಿಕೊಂಡರೆ ಸಾಕು. ಉಗುರು ಬೆಚ್ಚಗಿನ ಹಾಲಿಗೆ ಒಂದು ಚಮಚ ಮಜ್ಜಿಗೆ. ಅದರಲ್ಲಿರುವ ಬ್ಯಾಕ್ಟೀರಿಯಾ ರಾತ್ರಿಯಿಡೀ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದು, ಬೆಳಗ್ಗೆ ಮೊಸರು. ಬ್ಯಾಕ್ಟೀರಿಯಾ ಕಣ್ಣಿಗೆ ಕಾಣಲಿಲ್ಲ, ಆದರೆ ಅದು ಮಾಡಿದ ಕೆಲಸ ಕಾಣುತ್ತದೆ. ಬ್ಲಡ್ ಕಲ್ಚರ್ ಕೂಡ ಇದೇ. ಬಾಟಲಿಯಲ್ಲಿರುವ ಪೌಷ್ಟಿಕ ದ್ರವವೇ ಹಾಲು, ರೋಗಿಯ ರಕ್ತವೇ ಹೆಪ್ಪು. (ರಕ್ತ ಹೆಪ್ಪುಗಟ್ಟುವ ವಿಷಯವಲ್ಲ ಇದು. ಹಾಗೆ ಗಟ್ಟಿಯಾಗದಿರಲು ಬಾಟಲಿಯಲ್ಲಿ ಬೇರೆ ರಾಸಾಯನಿಕವನ್ನೇ ಹಾಕಿರುತ್ತಾರೆ.)

ಗೆಳತಿ ತನ್ನ ಲ್ಯಾಬ್‌ನ ಮೆಷಿನ್ ತೋರಿಸಿದಳು. ಫ್ರಿಜ್ ಗಾತ್ರದ ಪೆಟ್ಟಿಗೆ. ಒಳಗೆ ಗೂಡು ಗೂಡುಗಳಲ್ಲಿ ಬಾಟಲಿಗಳು ಅಡ್ಡ ಮಲಗಿವೆ, ಅವುಗಳ ಅಡಿಯ ತಟ್ಟೆ ತೊಟ್ಟಿಲಿನ ಹಾಗೆ ನಿಧಾನ ತೂಗುತ್ತಿದೆ. ನಮ್ಮ ಮೈಯಷ್ಟೇ ಬಿಸಿ, ಸುಮಾರು 37 ಡಿಗ್ರಿ ಒಳಗೆ. ಬಾಟಲಿಯ ತಳದಲ್ಲಿ ಬೂದು-ಹಸಿರು ಬಣ್ಣದ ಒಂದು ಬಿಲ್ಲೆ. ಒಳಗೆ ಬ್ಯಾಕ್ಟೀರಿಯಾ ಬೆಳೆದರೆ ಅದು ಬಿಡುವ ಇಂಗಾಲದ ಡೈಆಕ್ಸೈಡ್‌ನಿಂದ ಆ ಬಿಲ್ಲೆ ಹಳದಿಯಾಗುತ್ತದೆ. ಮೆಷಿನ್ ಹತ್ತು ನಿಮಿಷಕ್ಕೊಮ್ಮೆ ಬೆಳಕು ಬಿಟ್ಟು ಬಣ್ಣ ನೋಡುತ್ತದೆ, ಬದಲಾದರೆ ಬೀಪ್ ಕೊಡುತ್ತದೆ. ನಾನಿದ್ದಾಗಲೇ ಒಂದು ಬಾಟಲಿ ಬೀಪ್ ಕೊಟ್ಟಿತು. ಗೆಳತಿ ಅದನ್ನು ತೆಗೆದು ತಲೆಕೆಳಗು ಮಾಡಿ ತೋರಿಸಿದಳು. ತಳ ಅರಿಸಿನದ ಹಾಗೆ ಹಳದಿ. 'ಇದು ನಿನ್ನೆ ರಾತ್ರಿ ಒಂಬತ್ತಕ್ಕೆ ಇಟ್ಟಿದ್ದು' ಎಂದಳು. ಆಗ ಗಂಟೆ ಬೆಳಗಿನ ಹನ್ನೊಂದು.

ಹದಿನಾಲ್ಕು ಗಂಟೆಗೇ ಬೀಪ್ ಬಂದರೆ ಮೂರು ದಿನ ಯಾಕೆ? ಯಾಕೆಂದರೆ ಬೀಪ್ 'ಯಾರೋ ಇದ್ದಾರೆ' ಎಂದಷ್ಟೇ ಹೇಳುತ್ತದೆ, ಯಾರೆಂದು ಹೇಳುವುದಿಲ್ಲ. ಅಲ್ಲಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೇರಳೆಯೋ ಗುಲಾಬಿಯೋ, ದುಂಡಗಿದೆಯೋ ಕಡ್ಡಿಯಂತಿದೆಯೋ, ಇಷ್ಟು ಗೊತ್ತಾಗುತ್ತದೆ. ಉಳಿದ ಹನಿಗಳನ್ನು ಬ್ಯಾಕ್ಟೀರಿಯಾಕ್ಕೆ ಆಹಾರ ಹಾಕಿದ ತಟ್ಟೆಗಳ ಮೇಲೆ ಗೀರಿ ಮತ್ತೆ ಒಂದು ರಾತ್ರಿ ಇಡಬೇಕು. ಮಾರನೇ ದಿನ ತಟ್ಟೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಬೆಳೆದದ್ದನ್ನು ತೆಗೆದು ಅದು ಯಾವ ಜಾತಿ, ಯಾವ ಔಷಧಿಗೆ ಸಾಯುತ್ತದೆ ಎಂದು ನೋಡಬೇಕು. ಅದಕ್ಕೆ ಇನ್ನೊಂದು ದಿನ. ಹೀಗೆ ಒಂದರ ಹಿಂದೆ ಒಂದು ಹೆಪ್ಪು. ಏನೂ ಬೆಳೆಯದಿದ್ದರೆ ಸಾಮಾನ್ಯವಾಗಿ ಐದು ದಿನ ಕಾದು 'ಬೆಳವಣಿಗೆ ಇಲ್ಲ' ಎಂದು ಬರೆದುಕೊಡುತ್ತಾರೆ.

ಹೆಪ್ಪು ಕೂರದೇ ಹೋದರೆ

ಮಲೆನಾಡಿನ ಜುಲೈ ಚಳಿಯಲ್ಲಿ ಹೆಪ್ಪು ಕೂರುವುದಿಲ್ಲ; ಪಾತ್ರೆಯನ್ನು ಒಲೆಯ ಪಕ್ಕ ಬಟ್ಟೆ ಸುತ್ತಿ ಇಡುತ್ತೇವೆ. ಹಾಲು ಕುದಿ ಬಿಸಿ ಇದ್ದರೂ ಕೂರುವುದಿಲ್ಲ, ಹೆಪ್ಪಿನ ಜೀವವೇ ಸತ್ತುಹೋಗುತ್ತದೆ. ಕಲ್ಚರ್‌ಗೂ ಇಂಥ ಕಾಟಗಳಿವೆ.

ಎಲ್ಲಕ್ಕಿಂತ ದೊಡ್ಡದು ಮೊದಲೇ ನುಂಗಿದ ಆ್ಯಂಟಿಬಯಾಟಿಕ್. ಮೆಡಿಕಲ್ ಸ್ಟೋರ್‌ನಲ್ಲಿ ಸುಮ್ನೆ ಕೇಳಿ ತಂದ ಎರಡು ಮಾತ್ರೆ ಕಾಯಿಲೆಯನ್ನು ಗುಣಪಡಿಸಲು ಸಾಲುವುದಿಲ್ಲ, ಆದರೆ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ಮಾಡಲು ಸಾಕಾಗುತ್ತದೆ. ಆಸ್ಪತ್ರೆಯಲ್ಲಿ ಮೊದಲ ಇಂಜೆಕ್ಷನ್‌ಗೂ ಮುಂಚೆ ರಕ್ತ ತೆಗೆಯಲು ಅವಸರ ಪಡುವುದು ಇದಕ್ಕೇ.

ಎರಡನೆಯದು ರಕ್ತದ ಪ್ರಮಾಣ. ದೊಡ್ಡವರ ರಕ್ತದಲ್ಲಿ ನಂಜೇರಿದಾಗಲೂ ಒಂದು ಮಿಲಿಲೀಟರ್‌ಗೆ ಹತ್ತಕ್ಕಿಂತ ಕಡಿಮೆ, ಎಷ್ಟೋ ಸಲ ಒಂದೋ ಅದಕ್ಕಿಂತ ಕಡಿಮೆಯೋ ಬ್ಯಾಕ್ಟೀರಿಯಾ ಇರುತ್ತವೆ. ಟೈಫಾಯ್ಡ್‌ನಲ್ಲಿ ಸಾಮಾನ್ಯವಾಗಿ ಒಂದಕ್ಕೂ ಕಡಿಮೆ. ಸಣ್ಣ ಟ್ಯೂಬಿನಲ್ಲಿ ಎರಡು ಮಿಲಿಲೀಟರ್ ತೆಗೆದರೆ ಅದರಲ್ಲಿ ಒಂದೂ ಇಲ್ಲದೇ ಹೋಗಬಹುದು. ಅದಕ್ಕೇ ಬಾಟಲಿಗೆ ಎಂಟು-ಹತ್ತು ಮಿಲಿಲೀಟರ್, ಒಂದು ತೋಳಿಗೆ ಎರಡು ಬಾಟಲಿ. ಚಿಕ್ಕಪ್ಪನಿಂದ ತೆಗೆದದ್ದು ಒಟ್ಟು 40 ಮಿಲಿಲೀಟರ್ ಹತ್ತಿರ. ಹೋಟೆಲಿನ ಬೈ-ಟು ಕಾಫಿಯಷ್ಟು! ಇಷ್ಟು ಹೇಳಿದ ಮೇಲೆ ಚಿಕ್ಕಮ್ಮನ ಗೊಣಗಾಟ ನಿಂತಿತು.

ಎರಡು ತೋಳು ಯಾಕೆ ಎಂಬುದಕ್ಕೂ ಕಾರಣವಿದೆ. ತೊಳೆಯದ ಸೌಟು ತಾಗಿದರೆ ಮೊಸರು ಕೆಡುವಂತೆ, ಸೂಜಿ ಚುಚ್ಚುವಾಗ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬಾಟಲಿಗೆ ಬೀಳಬಹುದು. ಚರ್ಮದ ಸಾಮಾನ್ಯ ಬ್ಯಾಕ್ಟೀರಿಯಾ ಒಂದೇ ತೋಳಿನ ಬಾಟಲಿಯಲ್ಲಿ ಬೆಳೆದರೆ ಹೊರಗಿನಿಂದ ಬಿದ್ದಿರಬಹುದು ಎಂಬ ಅನುಮಾನ, ಎರಡೂ ಕಡೆ ಅದೇ ಬೆಳೆದರೆ ನಿಜವಾದ ಸೋಂಕು ಎಂಬ ಬಲವಾದ ಸುಳಿವು.

ಇನ್ನು ಮೂರನೆಯ ಕಾಟ ನಮ್ಮ ಕಡೆಯವರಿಗೆ ಮುಖ್ಯ. ಕೆಲವು ಬ್ಯಾಕ್ಟೀರಿಯಾ ಈ ಹಾಲಿನಲ್ಲಿ ಹೆಪ್ಪಾಗುವುದೇ ಇಲ್ಲ. ಇಲಿಜ್ವರದ ಲೆಪ್ಟೋಸ್ಪೈರಾ ಇದೆಯಲ್ಲ, ಗದ್ದೆಯ ನೀರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರ ಗಾಯದಿಂದ ಒಳಹೋಗುವಂಥದ್ದು, ಅದಕ್ಕೆ ಬೇರೆಯದೇ ದ್ರವ ಬೇಕು, ವಾರಗಟ್ಟಲೆ ಕಾಯಬೇಕು. ಸ್ಕ್ರಬ್ ಟೈಫಸ್ ತರುವ ಬ್ಯಾಕ್ಟೀರಿಯಾ ಜೀವಕೋಶದ ಒಳಗೆ ಮಾತ್ರ ಬದುಕುತ್ತದೆ, ಬಾಟಲಿಯಲ್ಲಿ ಎಷ್ಟು ದಿನ ಇಟ್ಟರೂ ಬೆಳೆಯದು. ದನಕರುಗಳಿಂದ, ಕಾಯಿಸದ ಹಾಲಿನಿಂದ ಬರುವ ಬ್ರುಸೆಲ್ಲಾ ಬೆಳೆಯುತ್ತದೆ, ಆದರೆ ನಿಧಾನ.

(ಮಂಗನ ಕಾಯಿಲೆ ಈ ಪಟ್ಟಿಯಲ್ಲಿ ಇಲ್ಲ. ಅದು ವೈರಸ್. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಅದಕ್ಕೆ ಆ್ಯಂಟಿಬಯಾಟಿಕ್ ನಾಟುವುದೂ ಇಲ್ಲ, ಈ ಬಾಟಲಿಗೆ ಅದು ಸಿಗುವುದೂ ಇಲ್ಲ.)

ಬೆಳೆಸದೆಯೇ ಗುರುತು ಹಿಡಿಯುವುದು

ಇಲ್ಲಿಂದ ಡಿಎನ್ಎ ಕಥೆ. ಪ್ರತಿ ಜೀವಿಯ ಕೋಶದಲ್ಲೂ ಅದನ್ನು ಕಟ್ಟುವ ಸೂಚನೆಗಳನ್ನು ಬರೆದಿಟ್ಟ ಉದ್ದನೆಯ ದಾರವಿದೆ. ಅದರ ಲಿಪಿಯಲ್ಲಿ ನಾಲ್ಕೇ ಅಕ್ಷರ. ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಪುಸ್ತಕ ಸುಮಾರು 46 ಲಕ್ಷ ಅಕ್ಷರಗಳದ್ದು. ಅದರ ಕೆಲವು ಸಾಲುಗಳು ಅದರಲ್ಲಿ ಮಾತ್ರ ಇರುತ್ತವೆ. ಆ ಸಾಲು ರಕ್ತದಲ್ಲಿ ಸಿಕ್ಕರೆ ಬ್ಯಾಕ್ಟೀರಿಯಾ ಬೆಳೆಯುವವರೆಗೆ ಕಾಯಬೇಕಿಲ್ಲ.

ಆದರೆ ಒಂದು ಪ್ರತಿ ಯಾವ ಉಪಕರಣಕ್ಕೂ ಕಾಣುವುದಿಲ್ಲ. ಕೋಟಿಗಟ್ಟಲೆ ಪ್ರತಿ ಬೇಕು. ಅದಕ್ಕಿರುವ ವಿಧಾನವೇ ಪಿಸಿಆರ್. 1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್‌ಗೆ ಹೊಳೆದ ಉಪಾಯ, 1993ರಲ್ಲಿ ಅದಕ್ಕೆ ನೊಬೆಲ್ ಬಂತು. ಡಿಸಿ ಆಫೀಸ್ ಮುಂದಿನ ಜೆರಾಕ್ಸ್ ಅಂಗಡಿ ನೆನೆಸಿಕೊಳ್ಳಿ. ಪಿಸಿಆರ್ ಮೆಷಿನ್‌ಗೆ ಇಡೀ ಲೈಬ್ರರಿ ಸುರಿದರೂ ಅದು ನೀವು ಹೇಳಿದ ಒಂದೇ ಪುಟವನ್ನು ಹುಡುಕಿ ಅದನ್ನಷ್ಟೇ ಜೆರಾಕ್ಸ್ ಮಾಡುತ್ತದೆ. ಆಮೇಲೆ ಜೆರಾಕ್ಸ್‌ನದ್ದೂ ಜೆರಾಕ್ಸ್. ಯಾವ ಪುಟ ಎಂದು ಹೇಳುವುದು ಪ್ರೈಮರ್ ಎಂಬ ಚಿಕ್ಕ ಡಿಎನ್ಎ ತುಣುಕು. ತನಗೆ ಹೊಂದುವ ಸಾಲು ಸಿಕ್ಕರೆ ಅಲ್ಲಿ ಅಂಟಿಕೊಳ್ಳುತ್ತದೆ, ಇಲ್ಲವಾದರೆ ಇಲ್ಲ.

ಡಿಎನ್ಎ ಎರಡು ಎಳೆಯ ಜಿಪ್ ಇದ್ದಂತೆ. ಸುಮಾರು 95 ಡಿಗ್ರಿಗೆ ಕಾಯಿಸಿದರೆ ಜಿಪ್ ಬಿಚ್ಚಿಕೊಳ್ಳುತ್ತದೆ. ತಣಿಸಿದರೆ ಪ್ರೈಮರ್ ಅಂಟುತ್ತದೆ. ಮತ್ತೆ 72 ಡಿಗ್ರಿಗೆ ತಂದರೆ ಒಂದು ಕಿಣ್ವ ಬಂದು ಉಳಿದರ್ಧ ಜಿಪ್ ಹೊಲಿಯುತ್ತದೆ. ಒಂದು ಇದ್ದದ್ದು ಎರಡಾಯಿತು. ಈ ಕಿಣ್ವ ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆಯಲ್ಲಿ ಬದುಕುವ ಬ್ಯಾಕ್ಟೀರಿಯಾದ್ದು; ಅದಕ್ಕೇ 95 ಡಿಗ್ರಿ ಬಿಸಿಗೂ ಹಾಳಾಗುವುದಿಲ್ಲ. ಇಪ್ಪತ್ತು ಸುತ್ತಿಗೆ ಒಂದು ಪ್ರತಿ ಹತ್ತು ಲಕ್ಷ ದಾಟುತ್ತದೆ, ಮೂವತ್ತು ಸುತ್ತಿಗೆ 107 ಕೋಟಿ.

ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಲೆಕ್ಕವಿದೆ. ಇ. ಕೋಲೈಗೆ ಬೇಕಾದ್ದೆಲ್ಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಅಂದರೆ ಬಾಟಲಿಯಲ್ಲಿ ಮೂವತ್ತು ಸಲ ದ್ವಿಗುಣವಾಗಲು ಹತ್ತು ಗಂಟೆ. ಪಿಸಿಆರ್ ಮೆಷಿನ್‌ನಲ್ಲಿ ಒಂದು ಸುತ್ತಿಗೆ ಒಂದೆರಡು ನಿಮಿಷ, ಮೂವತ್ತು ಸುತ್ತು ಒಂದು ಗಂಟೆಯ ಆಸುಪಾಸು. ಎರಡೂ ಕಡೆ ಲೆಕ್ಕ ಒಂದೇ, ದ್ವಿಗುಣ. ಒಂದು ಕಡೆ ಜೀವಿ ತಾನೇ ಬೆಳೆಯುತ್ತದೆ, ಇನ್ನೊಂದು ಕಡೆ ಅದರ ವಿಳಾಸದ ಚೀಟಿಯನ್ನಷ್ಟೇ ಮೆಷಿನ್ ನಕಲು ಮಾಡುತ್ತದೆ. ಲಾಭವೂ ಅಲ್ಲೇ ಇದೆ, ನಷ್ಟವೂ ಅಲ್ಲೇ ಇದೆ. ನಷ್ಟದ ಮಾತು ಆಮೇಲೆ.

ಯಾವ ಬ್ಯಾಕ್ಟೀರಿಯಾ ಎಂಬ ಅಂದಾಜೇ ಇಲ್ಲದಿದ್ದರೆ? ಅದಕ್ಕೂ ದಾರಿ ಇದೆ. '16ಎಸ್' ಎಂಬ ಜೀನ್ (ಆ ಪುಸ್ತಕದ ಒಂದು ಅಧ್ಯಾಯ ಎನ್ನಿ) ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದೆ, ಸುಮಾರು 1,500 ಅಕ್ಷರ ಉದ್ದ. ಅದರ ಕೆಲವು ಭಾಗ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಥರ, ಕೆಲವು ಭಾಗ ಜಾತಿಯಿಂದ ಜಾತಿಗೆ ಬೇರೆ. ಹಾಸನ ಬಸ್‌ಸ್ಟ್ಯಾಂಡ್‌ನಲ್ಲಿ ನಿಂತ ಕೆಂಪು ಬಸ್ಸುಗಳ ಹಾಗೆ. ಬಾಡಿ ಒಂದೇ, ಬೋರ್ಡ್ ಓದಿದರೆ ಬೇಲೂರೋ ಅರಸೀಕೆರೆಯೋ ಗೊತ್ತಾಗುತ್ತದೆ. ಬಾಡಿಯನ್ನು ಹಿಡಿಯುವ ಪ್ರೈಮರ್ ಹಾಕಿ, ಮಧ್ಯದ ಬೋರ್ಡ್ ಓದುವುದು.

ಮೂಗಿನ ಕಡ್ಡಿಯಷ್ಟು ಸುಲಭ ಯಾಕಲ್ಲ

ಈಗ ಚಿಕ್ಕಮ್ಮನ ಪ್ರಶ್ನೆಗೆ ಬರೋಣ. ಕೊರೋನಾ ಟೆಸ್ಟೂ ಪಿಸಿಆರೇ. ಆದರೆ ಸೋಂಕು ಜೋರಾಗಿದ್ದಾಗ ಮೂಗಿನ ಕಡ್ಡಿಯಲ್ಲಿ ವೈರಸ್ ಲಕ್ಷಗಟ್ಟಲೆ ಇರುತ್ತಿತ್ತು. ಅದರಿಂದ ಮೆಷಿನ್‌ಗೆ ಹೋಗುವುದು ಹನಿಯಷ್ಟಾದರೂ ನಡೆಯುತ್ತಿತ್ತು. ರಕ್ತದಲ್ಲಿ ಹಾಗಲ್ಲ. ಮಿಲಿಲೀಟರ್‌ಗೆ ಒಂದೇ ಬ್ಯಾಕ್ಟೀರಿಯಾ ಇದೆ ಎಂದುಕೊಳ್ಳಿ. ಡಿಎನ್ಎ ಬೇರ್ಪಡಿಸುವ ಸಾಮಾನ್ಯ ಕಿಟ್ ತೆಗೆದುಕೊಳ್ಳುವುದು ಮಿಲಿಲೀಟರ್‌ನ ಐದನೇ ಒಂದು ಭಾಗ ರಕ್ತ. ಅಂಥ ಐದು ಟ್ಯೂಬ್ ತೆಗೆದರೆ ನಾಲ್ಕರಲ್ಲಿ ಏನೂ ಇರುವುದಿಲ್ಲ. ಮೆಷಿನ್ ಎಷ್ಟೇ ಚುರುಕಾಗಿರಲಿ, ಟ್ಯೂಬಿನಲ್ಲಿ ಇಲ್ಲದ್ದನ್ನು ಹೇಗೆ ತೋರಿಸೀತು?

ಅದೃಷ್ಟಕ್ಕೆ ಒಂದು ಬ್ಯಾಕ್ಟೀರಿಯಾ ಸಿಕ್ಕಿತು ಎನ್ನೋಣ. ಅದರ ಸುತ್ತ ಯಾರಿದ್ದಾರೆ? ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 70 ಲಕ್ಷ ಬಿಳಿ ರಕ್ತಕಣ. ಪ್ರತಿಯೊಂದರಲ್ಲೂ ಮನುಷ್ಯನ ಡಿಎನ್ಎ, 600 ಕೋಟಿ ಅಕ್ಷರ. (ಕೆಂಪು ಕಣಗಳಲ್ಲಿ ಡಿಎನ್ಎ ಇಲ್ಲ, ಅಷ್ಟು ಪುಣ್ಯ.) ಗುಣಿಸಿ ಭಾಗಿಸಿದರೆ ಬ್ಯಾಕ್ಟೀರಿಯಾದ ಒಂದು ಅಕ್ಷರಕ್ಕೆ ಮನುಷ್ಯನ ಸುಮಾರು 900 ಕೋಟಿ ಅಕ್ಷರ. ಇದು ಎಷ್ಟೆಂದು ತಿಳಿಯಲು ಕಾಫಿ ಬೀಜದ ಲೆಕ್ಕ ಹಾಕಿದೆ. ಒಂದು ಬೀಜ 0.15 ಗ್ರಾಂ ಎಂದರೆ 900 ಕೋಟಿ ಬೀಜ 1,350 ಟನ್. ಹತ್ತು ಟನ್ನಿನ 135 ಲಾರಿ. ಸಕಲೇಶಪುರದ ರಸ್ತೆಯಲ್ಲಿ ಸಾಲಾಗಿ ನಿಂತ 135 ಲಾರಿ ಕಾಫಿಯಲ್ಲಿ ಒಂದು ಕಾಳುಮೆಣಸು ಹುಡುಕಬೇಕು.

ಸಾಲದ್ದಕ್ಕೆ ರಕ್ತವನ್ನು ಕೆಂಪಾಗಿಸುವ ಹೀಮ್ ಎಂಬ ವಸ್ತುವೇ ಪಿಸಿಆರ್ ಕಿಣ್ವಕ್ಕೆ ಅಡ್ಡಗಾಲು ಹಾಕುತ್ತದೆ. ಬಾಟಲಿಯಲ್ಲಿ ರಕ್ತ ಗಟ್ಟಿಯಾಗದಿರಲು ಹಾಕಿದ ರಾಸಾಯನಿಕವೂ ಹಾಗೇ.

ಲಾರಿ ಖಾಲಿ ಮಾಡುವ ಉಪಾಯಗಳು

ಪರೀಕ್ಷೆಯನ್ನು ಉತ್ತಮಪಡಿಸುವ ಕೆಲಸದಲ್ಲಿ ಬಹುಪಾಲು ಶ್ರಮ ಪಿಸಿಆರ್‌ಗಿಂತ ಮುಂಚಿನ ಹಂತಕ್ಕೇ ಹೋಗುತ್ತದೆ. ಕಾಳುಮೆಣಸು ಹುಡುಕುವ ಕಣ್ಣನ್ನು ಚುರುಕು ಮಾಡುವ ಬದಲು ಕಾಫಿಯನ್ನೇ ಹೊರಹಾಕುವುದು.

ಮನುಷ್ಯನ ಜೀವಕೋಶಕ್ಕೆ ಹೊರಗೆ ತೆಳು ಪೊರೆ ಮಾತ್ರ. ಬ್ಯಾಕ್ಟೀರಿಯಾಕ್ಕೆ ಪೊರೆಯ ಮೇಲೆ ಗಟ್ಟಿ ಗೋಡೆಯೂ ಇದೆ. ಟೊಮ್ಯಾಟೊ ಮತ್ತು ಅಡಿಕೆಯ ವ್ಯತ್ಯಾಸ. ಸಪೋನಿನ್‌ನಂಥ ವಸ್ತುವನ್ನು ಹದವಾಗಿ ಹಾಕಿದರೆ ಟೊಮ್ಯಾಟೊ ಒಡೆಯುತ್ತದೆ, ಅಡಿಕೆ ಹಾಗೇ ಉಳಿಯುತ್ತದೆ. ಸಪೋನಿನ್ ಅಂದರೆ ಹೊಸದೇನಲ್ಲ, ಅಂಟುವಾಳ, ಸೀಗೆಕಾಯಿ ನೊರೆ ಬರುವುದು ಆ ಜಾತಿಯ ವಸ್ತುಗಳಿಂದಲೇ. ಒಡೆದ ಕೋಶಗಳಿಂದ ಹೊರಬಿದ್ದ ಮನುಷ್ಯನ ಡಿಎನ್ಎಯನ್ನು ಇನ್ನೊಂದು ಕಿಣ್ವ ಹಾಕಿ ಕತ್ತರಿಸಿಬಿಡುತ್ತಾರೆ. ಗೋಡೆಯೊಳಗಿನ ಬ್ಯಾಕ್ಟೀರಿಯಾ ಡಿಎನ್ಎಗೆ ಆ ಕಿಣ್ವ ತಾಗುವುದಿಲ್ಲ. ಆಮೇಲೆ ಜೋರಾಗಿ ತಿರುಗಿಸಿ ಬ್ಯಾಕ್ಟೀರಿಯಾವನ್ನು ತಳಕ್ಕೆ ಇಳಿಸಿ, ಕತ್ತರಿಸುವ ಕಿಣ್ವವನ್ನು ತೊಳೆದು, ಕೊನೆಗೆ ಪುಟಾಣಿ ಗಟ್ಟಿ ಮಣಿಗಳ ಜೊತೆ ಕುಲುಕಿ ಅಡಿಕೆಯನ್ನೂ ಒಡೆಯುತ್ತಾರೆ. ಹೀಗೆ ಮಾಡಿದರೆ ಐದು ಮಿಲಿಲೀಟರ್ ಅಥವಾ ಅದಕ್ಕೂ ಜಾಸ್ತಿ ರಕ್ತವನ್ನು ಒಂದು ಹನಿಗೆ ಇಳಿಸಬಹುದು. ಕೇಳಲು ಸರಳ. ಆದರೆ ಒಂದೊಂದು ಹಂತದಲ್ಲೂ ಇದ್ದ ಒಂದೆರಡು ಬ್ಯಾಕ್ಟೀರಿಯಾ ಕೈತಪ್ಪಬಹುದು, ಗೋಡೆ ತೆಳ್ಳಗಿದ್ದವು ಮೊದಲೇ ಒಡೆದುಹೋಗಬಹುದು.

ಇನ್ನೊಂದು ದಾರಿ ರಾಜಿಯದ್ದು. ಮೊದಲು ಬಾಟಲಿಯಲ್ಲೇ ಬೆಳೆಯಲಿ, ಬೀಪ್ ಬಂದ ಕೂಡಲೇ ಅದರಿಂದ ಡಿಎನ್ಎ ಪರೀಕ್ಷೆ ಮಾಡೋಣ ಎನ್ನುವುದು. ಬೀಪ್ ಬರುವ ಹೊತ್ತಿಗೆ ಮಿಲಿಲೀಟರ್‌ಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ, ಮೇಲಿನ ಕಷ್ಟವೆಲ್ಲ ಮಾಯ. ಬಯೋಫೈರ್ ಎಂಬ ಕಂಪನಿಯ ಒಂದು ಕಿಟ್ 26 ಬ್ಯಾಕ್ಟೀರಿಯಾ ಗುರುತು, 7 ಶಿಲೀಂಧ್ರ, 10 ಔಷಧಿ-ನಿರೋಧಕ ಜೀನ್, ಒಟ್ಟು 43 ವಿಷಯಗಳನ್ನು ಒಂದೇ ಸಲಕ್ಕೆ ಸುಮಾರು ಒಂದು ಗಂಟೆಯಲ್ಲಿ ನೋಡುತ್ತದೆ. ತಟ್ಟೆಯಲ್ಲಿ ಗೀರಿ ಕಾಯುವ ಒಂದು ರಾತ್ರಿ ಉಳಿತಾಯವಾಗುತ್ತದೆ. ಆದರೆ ಬಾಟಲಿಯಲ್ಲಿ ಬೆಳೆಯದ್ದು ಇಲ್ಲೂ ಸಿಗದು.

ಬಾಟಲಿಯ ಹಂಗೇ ಇಲ್ಲದೆ ನೇರ ರಕ್ತದಿಂದ ನೋಡುವ ಪರೀಕ್ಷೆಗಳೂ ಇವೆ. ಅಂಥದ್ದೊಂದಕ್ಕೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು. ಮೂರರಿಂದ ಐದು ಗಂಟೆಯಲ್ಲಿ ಫಲಿತಾಂಶ. ಆದರೆ ಅಲ್ಲಿ ಅದು ಹುಡುಕುತ್ತಿದ್ದದ್ದು ಐದೇ ಬ್ಯಾಕ್ಟೀರಿಯಾಗಳನ್ನು. ಆರನೆಯದು ಇದ್ದರೆ ಮೆಷಿನ್ ಸುಮ್ಮನಿರುತ್ತದೆ, ಸುಮ್ಮನಿದೆ ಎಂದರೆ ಸೋಂಕಿಲ್ಲ ಎಂದು ಅರ್ಥವಲ್ಲ.

ಎಲ್ಲವನ್ನೂ ಓದಿಬಿಡುವುದು ಮೂರನೆಯ ದಾರಿ. ರಕ್ತದಲ್ಲಿರುವ ಡಿಎನ್ಎ ತುಣುಕುಗಳನ್ನೆಲ್ಲ ಒಂದೂ ಬಿಡದೆ ಓದಿ, ಮನುಷ್ಯನದ್ದನ್ನು ಕಂಪ್ಯೂಟರ್‌ನಲ್ಲಿ ಬದಿಗಿಟ್ಟು, ಉಳಿದದ್ದು ಯಾರದ್ದೆಂದು ನೋಡುವುದು. ಪಟ್ಟಿಯ ಹಂಗಿಲ್ಲ. ಆದರೆ ದುಬಾರಿ, ತರಬೇತಾದ ಜನ ಬೇಕು, ಇನ್ನೊಂದು ತಲೆನೋವೂ ಇದೆ. ಪರೀಕ್ಷೆಗೆ ಬಳಸುವ ಕಿಟ್‌ಗಳಲ್ಲೇ ಬ್ಯಾಕ್ಟೀರಿಯಾ ಡಿಎನ್ಎಯ ಚೂರುಪಾರು ಇರುತ್ತವೆ. ಪಿಸಿಆರ್ ಕಿಣ್ವವನ್ನು ಹೆಚ್ಚಾಗಿ ತಯಾರಿಸುವುದೇ ಇ. ಕೋಲೈ ಒಳಗೆ ಬೆಳೆಸಿ! ಕಳ್ಳನನ್ನು ಹುಡುಕಲು ಬಂದ ನಾಯಿಯ ಕಾಲಿನ ಗುರುತೇ ಅಂಗಳದ ತುಂಬ. ಅದಕ್ಕೇ ಪ್ರತಿ ಸಲವೂ ರಕ್ತವೇ ಇಲ್ಲದ ಖಾಲಿ ಟ್ಯೂಬನ್ನೂ ಜೊತೆಯಲ್ಲೇ ಓಡಿಸಿ ಹೋಲಿಸಿ ನೋಡುತ್ತಾರೆ.

ಹೆಸರು ಗೊತ್ತಾದರೆ ಸಾಕಾ?

ಸಾಲದು. ಡಾಕ್ಟರ್‌ಗೆ ಬೇಕಾದ್ದು ಎರಡು ಉತ್ತರ. ಯಾರು? ಯಾವುದಕ್ಕೆ ಸಾಯುತ್ತದೆ? ಮೊದಲನೆಯದಕ್ಕೆ ಡಿಎನ್ಎ ಚುರುಕು, ಎರಡನೆಯದರಲ್ಲಿ ಅರ್ಧ ಮಾತ್ರ. ಮೊದಲು ಹೇಳಿದ ನಷ್ಟ ಇದೇ. ನಮ್ಮ ಕೈಯಲ್ಲಿರುವುದು ವಿಳಾಸದ ಚೀಟಿ, ಜೀವಂತ ಬ್ಯಾಕ್ಟೀರಿಯಾ ಅಲ್ಲ. ಔಷಧಿ ಹಾಕಿ ಸಾಯುತ್ತದೆಯೋ ಇಲ್ಲವೋ ನೋಡಲು ಬದುಕಿರುವುದೇ ಬೇಕು. ಕಲ್ಚರ್ ಕೊಡುವುದು ಅದನ್ನೇ.

ಕೆಲವು ನಿರೋಧಕ ಜೀನ್‌ಗಳು ಮಾತ್ರ ಚೆನ್ನಾಗಿ ಪರಿಚಿತ. ಎನ್‌ಡಿಎಂ ಎಂಬ ಜೀನ್ ಕಂಡರೆ ಕಾರ್ಬಪೆನೆಮ್ ಎಂಬ ಜೋರು ಔಷಧಿಗಳ ಗುಂಪು ನಾಟುವುದು ಕಷ್ಟ ಎಂದು ಅವತ್ತೇ ಎಚ್ಚರಿಸಬಹುದು. ಆದರೆ ಜೀನ್ ಕಾಣಲಿಲ್ಲ ಎಂದರೆ ಔಷಧಿ ನಾಟುತ್ತದೆ ಎಂದು ಭರವಸೆ ಕೊಡಲಾಗದು, ಬ್ಯಾಕ್ಟೀರಿಯಾಕ್ಕೆ ತಪ್ಪಿಸಿಕೊಳ್ಳಲು ಬೇರೆ ದಾರಿಗಳೂ ಇವೆ. ಇನ್ನೊಂದು ವಿಷಯ, ಸತ್ತ ಬ್ಯಾಕ್ಟೀರಿಯಾದ ಡಿಎನ್ಎಯೂ ಪಿಸಿಆರ್‌ಗೆ ಸಿಗುತ್ತದೆ. ಮೊದಲೇ ಮಾತ್ರೆ ನುಂಗಿದವರಲ್ಲಿ ಇದರಿಂದ ಉಪಕಾರ. ಚಿಕಿತ್ಸೆ ಮುಗಿದ ಮೇಲೂ ಪಾಸಿಟಿವ್ ಬಂದರೆ ಅದೇ ಗೊಂದಲ.

ವೇಗವಾಗಿ ಗೊತ್ತಾದರೆ ಜೀವ ಉಳಿಯುತ್ತದಾ ಎಂಬುದನ್ನೂ ಜನ ಪರೀಕ್ಷಿಸಿದ್ದಾರೆ. ಅಮೆರಿಕದ ಮೇಯೊ ಕ್ಲಿನಿಕ್‌ನವರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 617 ರೋಗಿಗಳಿದ್ದರು. ಬೀಪ್ ಬಂದ ಬಾಟಲಿಗೆ ಪಿಸಿಆರ್ ಮಾಡಿ, ಜೊತೆಗೆ ಔಷಧಿ ಸಲಹೆಗೆ ತಜ್ಞರ ತಂಡವನ್ನೂ ಇಟ್ಟಾಗ, ಜೋರು ಔಷಧಿಯಿಂದ ಸರಿಯಾದ ಔಷಧಿಗೆ ಬದಲಾಯಿಸುವುದು ಬೇಗ ಆಯಿತು. ಸಾವಿನ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ರಾತ್ರಿ ಎರಡಕ್ಕೆ ಬಂದ ರಿಪೋರ್ಟ್ ಬೆಳಗ್ಗೆ ಹತ್ತರವರೆಗೆ ಟೇಬಲ್ ಮೇಲೇ ಕೂತರೆ ಮೆಷಿನ್ ಎಷ್ಟು ಬೇಗ ಹೇಳಿದರೇನು ಬಂತು, ಅಲ್ವಾ?

ಪಕ್ಕದ ಬೆಡ್, ನಮ್ಮ ಬೆಡ್

ಪಿಸಿಆರ್ ಎಂದರೆ ನಮ್ಮ ಜಿಲ್ಲೆಗಳಿಗೆ ಈಗ ಅಪರಿಚಿತವಲ್ಲ. ಕೊರೋನಾ ಬಂದು ಮೆಷಿನ್‌ಗಳನ್ನೂ ಕೈ ಪಳಗಿದ ಟೆಕ್ನಿಷಿಯನ್‌ಗಳನ್ನೂ ಬಿಟ್ಟುಹೋಯಿತು. ಟಿಬಿ ಪತ್ತೆಗೆ ಬಳಸುವ ಟ್ರೂನ್ಯಾಟ್ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್‌ನಲ್ಲಿ ರೂಪುಗೊಂಡು ಗೋವಾದ ಮೋಲ್‌ಬಯೋ ಕಂಪನಿಯಿಂದ ಬಂದ ಯಂತ್ರ, ಬ್ಯಾಟರಿಯಲ್ಲೂ ಓಡುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಅನುಮೋದನೆ ಕೊಟ್ಟಿತು. ಕಫದಲ್ಲಿ ಟಿಬಿ ಹುಡುಕಲು ಅದು ಸಲೀಸು. ರಕ್ತದ ವಿಷಯ ಬೇರೆ ಎಂಬುದು ಇಷ್ಟು ಹೊತ್ತಿಗೆ ನಿಮಗೇ ಗೊತ್ತಾಗಿದೆ. ನೂರಾರು ರೂಪಾಯಿಯಲ್ಲಿ ಮುಗಿಯುವ ಪರೀಕ್ಷೆಯಲ್ಲ, ಸಾವಿರಗಳ ಲೆಕ್ಕ. ಎಷ್ಟೋ ಸಲ ಸ್ಯಾಂಪಲ್ ಬೆಂಗಳೂರಿಗೋ ಮಂಗಳೂರಿಗೋ ಹೋಗಬೇಕು, ಆ ಪ್ರಯಾಣದಲ್ಲೇ ಉಳಿಸಿದ ಸಮಯ ಕರಗುತ್ತದೆ.

ಪಕ್ಕದ ಬೆಡ್‌ನಲ್ಲಿ ಅರಕಲಗೂಡು ಕಡೆಯ ಒಬ್ಬ ಅಜ್ಜಿ ಇದ್ದರು. ಅವರ ಬಾಟಲಿ ಆ ರಾತ್ರಿಯೇ ಬೀಪ್ ಕೊಟ್ಟಿತ್ತು. ಮೂತ್ರದಿಂದ ರಕ್ತಕ್ಕೆ ಹೋದ ಇ. ಕೋಲೈ. ಮೂರನೇ ದಿನ ಔಷಧಿಯ ಪಟ್ಟಿ ಬಂದ ಮೇಲೆ ಇಂಜೆಕ್ಷನ್ ಬದಲಾಯಿಸಿದರು, ಅಜ್ಜಿ ಎದ್ದು ಕೂತು ಕಾಫಿ ಕೇಳಿದರು. ಅವರಿಗೆ ಹಳೆಯ ಹೆಪ್ಪೇ ಸಾಕಾಯಿತು.

ಚಿಕ್ಕಪ್ಪನ ನಾಲ್ಕೂ ಬಾಟಲಿ ಮೌನ. ಎರಡನೇ ದಿನ ಬೆಳಗ್ಗೆ ಒಬ್ಬರು ಎಳೆಯ ಡಾಕ್ಟರ್ ಬಂದು, 'ಯಜಮಾನ್ರೇ, ಸ್ವಲ್ಪ ಪಂಚೆ ಸಡಿಲ ಮಾಡಿ' ಎಂದು ಟಾರ್ಚ್ ಹಿಡಿದು ಹುಡುಕಿದರು. ಪಂಚೆ ಬಿಗಿಯುವ ಜಾಗದಲ್ಲಿ ಬೀಡಿ ಸುಟ್ಟಂಥ ಕಪ್ಪು ಹಕ್ಕಳೆ, ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದು. ನೋವಿಲ್ಲದ್ದರಿಂದ ಚಿಕ್ಕಪ್ಪನಿಗೇ ಗೊತ್ತಿರಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಮರಿ ಕಚ್ಚಿದ ಗುರುತು ಅದು, ಸ್ಕ್ರಬ್ ಟೈಫಸ್‌ನದ್ದು. ಡಾಕ್ಟರ್ ಯಾವ ರಿಪೋರ್ಟಿಗೂ ಕಾಯದೆ ಅವತ್ತೇ ಡಾಕ್ಸಿಸೈಕ್ಲಿನ್ ಶುರು ಮಾಡಿದರು. ಹಕ್ಕಳೆಯ ಚೂರನ್ನು ಡಿಎನ್ಎ ಪರೀಕ್ಷೆಗೆ ಹೊರಗೆ ಕಳಿಸಿದರು. ಈ ಬ್ಯಾಕ್ಟೀರಿಯಾ ರಕ್ತಕ್ಕಿಂತ ಹಕ್ಕಳೆಯಲ್ಲಿ ಜಾಸ್ತಿ ಇರುತ್ತದೆ, ಹುಡುಕಲು ಲಾರಿಗಳೂ ಕಡಿಮೆ.

ಎರಡು ದಿನಕ್ಕೆ ಜ್ವರ ಇಳಿಯಿತು. ನಾಲ್ಕನೇ ದಿನ ಪಿಸಿಆರ್ ಪಾಸಿಟಿವ್ ಎಂದು ಬಂತು. ಐದನೇ ದಿನ ಮಧ್ಯಾಹ್ನ ಡಿಸ್ಚಾರ್ಜ್ ಮಾಡಿಸಿಕೊಂಡು ಊರಿಗೆ ಹೊರಟೆವು. ಬಾಳ್ಳುಪೇಟೆ ದಾಟುವಾಗ ಫೋನಿಗೆ ಮೆಸೇಜ್ ಬಂತು, ಕಲ್ಚರ್‌ನ ಅಂತಿಮ ರಿಪೋರ್ಟ್: ಬೆಳವಣಿಗೆ ಇಲ್ಲ. ಚಿಕ್ಕಮ್ಮ ಓದಿಸಿ ಕೇಳಿ, 'ಹೆಪ್ಪು ಕೂರ್ಲಿಲ್ವಂತೆ' ಎಂದು ಹಿಂದಿನ ಸೀಟಿಗೆ ತಿರುಗಿ ಹೇಳಿದರು. ಚಿಕ್ಕಪ್ಪನಿಗೆ ನಿದ್ದೆ ಬಂದಿತ್ತು.